ಎರಡು ಬೀಗದ ಸೆಕ್ರೆಟರಿ

ಮೊನ್ನೆ ಮನೆಮಂದಿಯೆಲ್ಲ ತಿರುಪತಿಗೆ ಹೊರಟಾಗ ಮಗ ಮುಂಬಾಗಿಲಿಗೆ ಒಂದು ಬೀಗ ಹಾಕಿ, ಅದು ಸಾಲದೆಂದು ಅದರ ಮೇಲೆ ಇನ್ನೊಂದನ್ನು ಸಿಕ್ಕಿಸಲು ಹೋದ. ನಾನು ಬಿಡಲಿಲ್ಲ. ಆಟೋದವನು ಹಾರ್ನ್ ಹೊಡೆಯುತ್ತಿದ್ದ, ಸೊಸೆ ಮುಖ ಸಣ್ಣದು ಮಾಡಿಕೊಂಡಳು, ಅಜ್ಜಿಗೆ ಅರಳುಮರಳು ಎಂದು ಮೊಮ್ಮಕ್ಕಳು ಕಿಸಕ್ಕೆಂದವು. ಆದರೂ ಬಿಡಲಿಲ್ಲ. ಒಂದು ಬೀಗ ಕಳ್ಳರಿಗೆ, ಎರಡನೆಯ ಬೀಗ ಮನೆಯವರಿಗೇ ಎಂದು ರೇಗಿ ಅದನ್ನು ಕಿತ್ತು ನನ್ನ ಚೀಲದಲ್ಲಿ ಇಟ್ಟುಕೊಂಡೆ. ರೈಲು ಹೊರಟ ಮೇಲೆ ಮಗ ಕೇಳಿದ, ನಿನಗೆ ಎರಡು ಬೀಗ ಕಂಡರೆ ಯಾಕಮ್ಮ ಅಷ್ಟು ಕೋಪ ಎಂದು. ಅದು ಅವನು ಹುಟ್ಟುವುದಕ್ಕೆ ಮುಂಚಿನ ಮಾತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ದಶಕದ ರಾಜಾಜಿನಗರ ಎಂದರೆ ಅರ್ಧ ಕಾರ್ಖಾನೆ, ಅರ್ಧ ಕಳ್ಳಿಗಿಡ. ಮಿಲ್ಲಿನ ಕೆಲಸಗಾರರಿಗೆಂದು ಕಟ್ಟಿದ ಹೆಂಚಿನ ಸಾಲುಮನೆಗಳಲ್ಲಿ ನಮ್ಮದೂ ಒಂದು. ಮಾವನವರು ಮಿಲ್ಲಿನಲ್ಲಿ ನೇಯ್ಗೆ ಮೇಸ್ತ್ರಿ, ನನ್ನ ಗಂಡ ಅಲ್ಲೇ ಫಿಟ್ಟರ್, ನಾನು ಹಿಂದಿನ ಬೀದಿಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಮ್ಮ. ಸಾಲಿನ ಕೊನೆಯಲ್ಲಿ ಒಂದು ಒಂಟಿ ಕೋಣೆ ಇತ್ತು. ಅದರ ನೆತ್ತಿಯ ಮೇಲೆ ಪತ್ತಿನ ಸಹಕಾರ ಸಂಘ ಎಂದು ಹಸಿರು ಬೋರ್ಡು. ನಮ್ಮ ಬಾಯಲ್ಲಿ ಅದು ಸೊಸೈಟಿ. ಪ್ರತಿ ಮನೆಯವರೂ ತಿಂಗಳಿಗೆ ಕೈಲಾದಷ್ಟು ಕಟ್ಟುವುದು, ಅವಶ್ಯ ಬಿದ್ದವರು ಅದರಿಂದಲೇ ಸಾಲ ಪಡೆಯುವುದು, ವಾರದ ಬಡ್ಡಿಯವರ ಕೈಗೆ ಸಿಕ್ಕದೆ ಬದುಕುವುದು. ಇಷ್ಟೇ ಅದರ ಕೆಲಸ. ಆ ಸೊಸೈಟಿಯ ಸೆಕ್ರೆಟರಿಯ ಕತೆ ಇದು.

ಅವರಿಗೆ ಹೆಸರು ಇರಲಿಲ್ಲವೆಂದಲ್ಲ, ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವರ ಹೆಂಡತಿ ಕೂಡ ನಮ್ಮ ಸೆಕ್ರೆಟರಿ ಈ ಕಡೆ ಬಂದರೇ ಎಂದು ಜಗಲಿಯಿಂದ ವಿಚಾರಿಸುತ್ತಿದ್ದರು. ಮಿಲ್ಲಿನಲ್ಲಿ ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತರು. ಊರು ಮೂಡಲಪಾಳ್ಯ, ಆಗ ಅದು ರಾಗಿ ಹೊಲದ ನಡುವಿನ ಹಳ್ಳಿ. ಕಣಕಾಲಿನ ಮೇಲೆ ನಿಲ್ಲುವ ಪಂಚೆ, ಕತ್ತಿನವರೆಗೂ ಗುಂಡಿ ಹಾಕಿದ ಕರಿ ಕೋಟು, ಕೈಯಲ್ಲಿ ಬೇಸಿಗೆಯಲ್ಲೂ ಕೊಡೆ. ಆ ಕೊಡೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಬೀದಿಯ ನಟ್ಟನಡುವೆ ನಡೆಯುತ್ತ, ಒಂದೊಂದು ಮನೆಯ ಜಗಲಿ ಕಂಬಕ್ಕೂ ಹಿಡಿಯಿಂದ ಕುಟ್ಟಿ, ಒಳಗಿದ್ದವರನ್ನು ಹೊರಗೆ ಬರಿಸುವುದಕ್ಕೇ ಅದು ಇದ್ದದ್ದು. ಯಾರು ಕೆಲಸಕ್ಕೆ ಹೋಗಿಲ್ಲ, ಯಾರ ಮಗುವಿಗೆ ಜ್ವರ, ಯಾರ ಮನೆಗೆ ನೆಂಟರು ಬಂದು ಹೋಗುವ ಸೂಚನೆಯೇ ಕಾಣುತ್ತಿಲ್ಲ, ಎಲ್ಲ ಅವರಿಗೆ ಬೇಕು. ಅವರೆಕಾಯಿ ಕಾಲದಲ್ಲಿ ಭಾನುವಾರ ಊರಿಗೆ ಹೋಗಿ ಒಂದು ಮೂಟೆ ಹೊತ್ತು ತಂದು, ಅದೇ ಕೊಡೆಯಿಂದ ಕಂಬ ಕುಟ್ಟಿ, ಮನೆಮನೆಗೂ ಮೊರದಲ್ಲಿ ಸುರಿದು ಹೋಗುತ್ತಿದ್ದರು. ಸೊಗಡಿನ ವಾಸನೆ ಇಡೀ ಸಾಲಿಗೆ ಹಿಡಿಯುತ್ತಿತ್ತು.

ಅವರಿಗೆ ಆಗದ ಮಾತು ಒಂದೇ ಒಂದು. ನೋಡೋಣ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಂಬ ಕುಟ್ಟಿ, ಮೇಷ್ಟ್ರಮ್ಮನೂ ಸೊಸೈಟಿಗೆ ಸೇರಬೇಕು, ಸಂಬಳ ಬರುವ ಹೆಣ್ಣುಮಗಳ ಹೆಸರಲ್ಲಿ ನಾಲ್ಕು ಕಾಸು ಇರಬೇಕು ಎಂದರು. ಸೊಸೆಯ ಸಂಬಳದ ಮೇಲೆ ತಮಗೇ ಕಣ್ಣಿದ್ದ ನಮ್ಮತ್ತೆ, ನೋಡೋಣ ಬಿಡಿ ಎಂದರು. ಸೆಕ್ರೆಟರಿ ಕಣ್ಣು ಮುಚ್ಚಿ, ಕಿವಿಯ ಹಿಂದೆ ಪೆನ್ನಿನ ತುದಿಯಿಂದ ಕೆರೆದುಕೊಂಡರು. ಏನಾದರೂ ಖಂಡಿತವಾಗಿ ಹೇಳುವುದಿದ್ದರೆ ಅವರು ಹಾಗೆ ಮಾಡುತ್ತಿದ್ದರು.

“ಆಗುತ್ತೆ ಅನ್ನಿ, ಇಲ್ಲಾ ಆಗಲ್ಲ ಅನ್ನಿ. ನೋಡೋಣ ಅನ್ಬೇಡಿ ತಾಯಿ. ಬಡವರ ಹೊಟ್ಟೆ ಮೇಲೆ ಹೊಡೆಯೋ ಮಾತು ಅದು.”

ಅತ್ತೆ ಯಾರಿಗೂ ಸೋತವರಲ್ಲ, ಅವತ್ತು ಸೋತರು. ನನ್ನ ಹೆಸರು ಪುಸ್ತಕಕ್ಕೆ ಏರಿತು. ಸಾಲ ಕೊಡುವಾಗಲೂ ಅವರದು ಇದೇ ನ್ಯಾಯ. ಭಾನುವಾರ ಸಂಜೆ ಸದಸ್ಯರೆಲ್ಲ ಕೋಣೆಯ ಮುಂದೆ ಕೂತಿರುವಾಗ ಎಲ್ಲರೆದುರಿಗೇ ಆಗುತ್ತೆ ಅಥವಾ ಆಗಲ್ಲ. ಆಗಲ್ಲ ಎನ್ನಿಸಿಕೊಂಡವರು ಸಿಟ್ಟುಮಾಡಿಕೊಂಡು ಹೋಗುತ್ತಿದ್ದರು, ಆದರೆ ಬೆಳಗಾಗುವಷ್ಟರಲ್ಲಿ ಬೇರೆ ದಾರಿ ಹುಡುಕಿಕೊಂಡಿರುತ್ತಿದ್ದರು. ಆಸೆ ಇಟ್ಟುಕೊಂಡು ಕಾಯುವ ಕೆಲಸ ಇರಲಿಲ್ಲ.

ಸೊಸೈಟಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಕಾನೂನಿನಲ್ಲಿ ಬರೆದದ್ದೂ ಅಲ್ಲ, ಸೆಕ್ರೆಟರಿಯೇ ಶುರುಮಾಡಿದ್ದು. ಸದಸ್ಯರು ಯಾರಾದರೂ ತೀರಿಕೊಂಡರೆ ಚಟ್ಟವನ್ನು ಸಾಲಿನ ಕೊನೆಯಲ್ಲಿ, ಸೊಸೈಟಿಯ ಬಾಗಿಲ ಮುಂದೆ ಇಳಿಸುತ್ತಿದ್ದರು. ಹೆಂಗಸರು ಅಲ್ಲಿಯವರೆಗೆ ಬಂದು ಹಿಂತಿರುಗಬೇಕು. ಸೆಕ್ರೆಟರಿ ಸದಸ್ಯರ ಪುಸ್ತಕ ಹಿಡಿದು ಹೊರಗೆ ಬಂದು, ಎಲ್ಲರೆದುರಿಗೆ ಆ ಹೆಸರಿನ ಮೇಲೆ ಕೆಂಪು ಮಸಿಯಲ್ಲಿ ಗೀಟು ಎಳೆದು, ಸತ್ತವರು ಕೂಡಿಟ್ಟಿದ್ದನ್ನು ಮನೆಯಾಕೆಯ ಸೆರಗಿಗೆ ಹಾಕುತ್ತಿದ್ದರು. ಆಮೇಲೆ ಚಟ್ಟಕ್ಕೆ ಕೈಮುಗಿದು, “ನಿನ್ನ ಲೆಕ್ಕ ಮುಗೀತಪ್ಪ, ಹೋಗಿ ಬಾ” ಎನ್ನುತ್ತಿದ್ದರು. ಆಗಲೇ ಎತ್ತುವುದು. ಊರಿಂದ ಬಂದ ನೆಂಟರು ಇದೆಂಥ ವಿಚಿತ್ರ ಎಂದು ಬಾಯಿ ಬಿಡುತ್ತಿದ್ದರು. ನಮಗೆ ಮಾತ್ರ ಅದಿಲ್ಲದೆ ಹೆಣ ಹೋದಂತೆಯೇ ಅನ್ನಿಸುತ್ತಿರಲಿಲ್ಲ.

ಈ ಪದ್ಧತಿಯೇ ಕೊನೆಗೆ ಕುತ್ತಿಗೆಗೆ ಬಂತು.

ನಮ್ಮ ಮಿಲ್ಲಿನ ಮಾಲೀಕರು ಹೊಸೂರಿನ ಕಡೆ ಇನ್ನೊಂದು ಶೆಡ್ಡು ಹಾಕಿ, ನಮ್ಮ ಸಾಲಿನ ಕೆಲವರನ್ನು ಅಲ್ಲಿಗೆ ಕಳಿಸಿದರು. ಹೊಸೂರು ಎಂದರೆ ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟು ದೂರ, ಆದರೆ ಅದು ಮದರಾಸು ರಾಜ್ಯ. ಹೋದವರ ಹೆಸರನ್ನು ಪುಸ್ತಕದಿಂದ ಹೊಡೆಯಬೇಕಿತ್ತು. ಸೆಕ್ರೆಟರಿ ಹೊಡೆಯಲಿಲ್ಲ. ಗೀಟು ಸತ್ತವರಿಗೆ ಮಾತ್ರ, ಬದುಕಿರುವವರ ಹೆಸರಿನ ಮೇಲೆ ಎಳೆದರೆ ಕೇಡು ಬಗೆದ ಹಾಗೆ ಎಂದರು. ಆ ಕೆಂಪು ಗೀಟನ್ನು ಚಟ್ಟದ ಪಕ್ಕದಲ್ಲಿ ನೋಡಿದ್ದ ಯಾರೂ ಅವರಿಗೆ ಎದುರಾಡಲಿಲ್ಲ, ನಾನೂ ಆಡಲಿಲ್ಲ. ಹೊಸೂರಿಗೆ ಹೋದವರು ತಿಂಗಳಿಗೊಮ್ಮೆ ಬಂದು ದುಡ್ಡು ಕಟ್ಟಿ, ಊಟ ಮಾಡಿ, ಹೋಗುತ್ತಿದ್ದರು.

ದೇಶದಲ್ಲಿ ಆಗ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವ ಗಲಾಟೆ. ಯಾವ ಊರು ಯಾರದ್ದು ಎನ್ನುವುದೇ ಎಲ್ಲರ ಬಾಯಲ್ಲೂ. ಆ ವರ್ಷ ಲೆಕ್ಕ ನೋಡಲು ಬಂದ ರಾಜ್ಯದ ಇನ್‌ಸ್ಪೆಕ್ಟರು ಪುಸ್ತಕದಲ್ಲಿ ಹೊಸೂರು ವಿಳಾಸ ಕಂಡದ್ದೇ ಕೈ ಹಿಂದೆಗೆದರು. ಎರಡು ರಾಜ್ಯದಲ್ಲಿ ಸದಸ್ಯರಿರುವ ಸಂಘ ಕೇಂದ್ರದ ಕಾನೂನಿಗೆ ಸೇರುತ್ತದೆ, ನಮಗಲ್ಲ, ದಿಲ್ಲಿಗೆ ಬರೆದುಕೊಳ್ಳಿ ಎಂದರು. ದಿಲ್ಲಿಗೆ ಬರೆದರೆ, ಇಷ್ಟು ಸಣ್ಣ ಸಂಘ ನಿಮ್ಮ ರಾಜ್ಯದ್ದೇ ಇರಬೇಕು, ಅವರನ್ನೇ ಕೇಳಿ ಎಂದು ಉತ್ತರ. ಹೀಗೆ ಇಬ್ಬರಿಗೂ ಬೇಡವಾಗಿದ್ದ ಕೂಸು ಅದು. ಅಷ್ಟರಲ್ಲೇ ಬಿಟ್ಟಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಆದರೆ ದಿಲ್ಲಿಯ ಕಡೆಯಿಂದ ಒಬ್ಬ ಅಧಿಕಾರಿ ಸುಮ್ಮನೆ ನೋಡಿಹೋಗಲು ಬಂದದ್ದು ರಾಜ್ಯದವರಿಗೆ ಗೊತ್ತಾಯಿತು. ತಾವು ನೋಂದಾಯಿಸಿದ ಸಂಘಕ್ಕೆ ದಿಲ್ಲಿಯವರು ಯಾಕೆ ಕಾಲಿಟ್ಟರು ಎಂದು ಇವರಿಗೆ ಉರಿಯಿತು. ಇವರು ಉರಿದುಕೊಂಡದ್ದು ಕಂಡು, ಹಾಗಾದರೆ ಇದು ನಮ್ಮದೇ ಎಂದು ದಿಲ್ಲಿಯವರಿಗೆ ಖಾತ್ರಿಯಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಗತಿ.

ಒಂದು ಬೆಳಿಗ್ಗೆ ರಾಜ್ಯದ ಇನ್‌ಸ್ಪೆಕ್ಟರು ಬಂದು, ವಿಷಯ ತೀರ್ಮಾನವಾಗುವವರೆಗೆ ಯಾರೂ ಕಾಗದಪತ್ರ ಮುಟ್ಟಬಾರದು ಎಂದು ಸೊಸೈಟಿಯ ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಅದೇ ವಾರ ದಿಲ್ಲಿಯ ಕಡೆಯವರು ಬಂದರು. ಆ ಬೀಗವನ್ನು ಮುಟ್ಟಲು ತಮಗೆ ಅಧಿಕಾರವಿಲ್ಲ, ಆದರೆ ತಮ್ಮ ಅಪ್ಪಣೆ ಇಲ್ಲದೆ ಅದನ್ನು ತೆಗೆಯಲು ಅವರಿಗೂ ಅಧಿಕಾರವಿಲ್ಲ ಎಂದು, ಮೇಲೊಂದು ಚಿಲಕ ಹೊಡೆಸಿ, ತಮ್ಮದೊಂದು ಬೀಗ ಹಾಕಿ, ತಮ್ಮದೊಂದು ಮುದ್ರೆ ಒತ್ತಿದರು. ಬ್ಯಾಂಕಿನಲ್ಲಿದ್ದ ಸಂಘದ ಹಣಕ್ಕೂ ಎರಡೂ ಕಚೇರಿಯಿಂದ ತಡೆ ಬಂತು. ಇಬ್ಬರೂ ಕೆಟ್ಟವರಲ್ಲ. ಬಿಸಿಲಲ್ಲಿ ಬಂದಿದ್ದಾರೆಂದು ಇಬ್ಬರಿಗೂ ನಮ್ಮ ಮನೆಯಿಂದಲೇ ಮಜ್ಜಿಗೆ ಹೋಗಿತ್ತು, ಇಬ್ಬರೂ ಲೋಟ ತೊಳೆದು ಕೊಟ್ಟಿದ್ದರು. ನಮ್ಮತ್ತೆ ಅವರನ್ನು ಹತ್ತಿರದ ಸರ್ಕಾರ, ದೂರದ ಸರ್ಕಾರ ಎಂದು ಕರೆಯುತ್ತಿದ್ದರು.

ಆಮೇಲೆ ಶುರುವಾಯಿತು ಸೆಕ್ರೆಟರಿಯ ಓಡಾಟ. ರಜೆ ಹಾಕಿ ಹತ್ತಿರದ ಸರ್ಕಾರದ ಕಚೇರಿಗೆ ಹೋಗುವುದು, ಅಲ್ಲಿ ಬೆಂಚಿನ ಮೇಲೆ ಕೂರುವುದು. ಮತ್ತೆ ರಜೆ ಹಾಕಿ ಕಂಟೋನ್ಮೆಂಟಿನಲ್ಲಿದ್ದ ದೂರದ ಸರ್ಕಾರದ ಕಚೇರಿಗೆ ಹೋಗುವುದು, ಅಲ್ಲಿ ಕುರ್ಚಿಯ ಮೇಲೆ ಕೂರುವುದು. ಬೆಂಚಿಗೂ ಕುರ್ಚಿಗೂ ಇಷ್ಟೇ ವ್ಯತ್ಯಾಸ ಮೇಷ್ಟ್ರಮ್ಮ, ಎರಡು ಕಡೆಯೂ ನೋಡೋಣ ಅಂತಾರೆ ಎಂದು ನಗುತ್ತಿದ್ದರು. ಆಗ ಇನ್ನೂ ನಗುತ್ತಿದ್ದರು.

ಕೊನೆಗೊಂದು ದಿನ ರಾಜ್ಯದ ಕಚೇರಿಯ ಹಿರಿಯರೊಬ್ಬರು ಕರುಣೆಯಿಂದ ದಾರಿ ಹೇಳಿಕೊಟ್ಟರು. ಹೊಸೂರಿನವರ ಹೆಸರು ಹೊಡೆದುಬಿಡಿ, ಸಂಘ ಪೂರಾ ನಮ್ಮದಾಗುತ್ತದೆ, ಆಗ ದಿಲ್ಲಿಯವರು ತಾವಾಗಿ ಬೀಗ ತೆಗೆದುಕೊಂಡು ಹೋಗುತ್ತಾರೆ ಎಂದು. ಅವತ್ತು ಸೆಕ್ರೆಟರಿ ಊಟ ಮಾಡಲಿಲ್ಲವೆಂದು ಅವರ ಹೆಂಡತಿ ಹೇಳಿದರು. ಮಾರನೆಯ ಭಾನುವಾರ ಹೊಸೂರಿಗೆ ಹೋಗಿ ಆ ಕೆಲವರನ್ನು ಕೂಡಿಸಿ, ನಿಮ್ಮ ಹೆಸರಿನ ಮೇಲೆ ಗೀಟು ಎಳೆಯಬೇಕು, ಒಪ್ಪಿಗೆ ಕೊಡಿ ಎಂದು ಕೇಳಿದರಂತೆ. ಅವರು ನಕ್ಕು, ಎಳೀರಿ ಸೆಕ್ರೆಟರಿ, ನಾವೇನು ಸಾಯಲ್ಲ ಎಂದರಂತೆ. ಆದರೂ ಇವರು ಅವರ ಆಯಸ್ಸಿಗೆಂದು ಅಲ್ಲೇ ಗುಡಿಯಲ್ಲಿ ಅರ್ಚನೆ ಮಾಡಿಸಿ, ಕುಂಕುಮ ಹಂಚಿ ಬಂದರು.

ಮನಸ್ಸು ಗಟ್ಟಿಮಾಡಿಕೊಂಡು ಕೆಂಪು ಮಸಿ ಕೊಂಡು ತಂದ ಮೇಲೆ ತಿಳಿಯಿತು, ಪುಸ್ತಕ ಬೀಗದ ಒಳಗಿದೆ. ಹೆಸರು ಹೊಡೆದು ತೋರಿಸಿದರೆ ಬೀಗ ತೆಗೆಯುತ್ತೇವೆ ಎಂದರು ಹತ್ತಿರದವರು. ತೀರ್ಮಾನವಾಗದೆ ಬೀಗ ತೆಗೆದರೆ ಪುಸ್ತಕ ತಿದ್ದಿದ ಹಾಗಾಗುತ್ತದೆ ಎಂದರು ದೂರದವರು. ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇನೆ ಎಂದರೆ ಮೂಲ ಪುಸ್ತಕವೇ ಆಗಬೇಕು ಎಂದು ಇಬ್ಬರೂ ಹೇಳಿದರು. ಅದೊಂದು ವಿಷಯದಲ್ಲಿ ಮಾತ್ರ ಎರಡು ಸರ್ಕಾರಕ್ಕೂ ಒಮ್ಮತವಿತ್ತು.

ಕೋಣೆಗೆ ಬೀದಿಯ ಕಡೆ ಒಂದು ಕಿಟಕಿ ಇತ್ತು. ಅದರ ಸರಳುಗಳ ಸಂದಿಯಿಂದ ನೋಡಿದರೆ ಮೇಜು, ಮೇಜಿನ ಮೇಲೆ ಬಟ್ಟೆಯ ರಟ್ಟಿನ ಆ ಪುಸ್ತಕ ಕಾಣುತ್ತಿತ್ತು, ಕೈ ಚಾಚಿದರೂ ಎಟುಕದಷ್ಟು ದೂರ. ಮೊದಲ ಮಳೆಗಾಲದಲ್ಲಿ ಹೆಂಚು ಸರಿದು ನೀರು ಸರಿಯಾಗಿ ಅದರ ಮೇಲೆಯೇ ತೊಟ್ಟಿಕ್ಕಿತು. ಬೇಸಿಗೆಯಲ್ಲಿ ಮೇಜಿನ ಕಾಲು ಹಿಡಿದು ಗೆದ್ದಲಿನ ಮಣ್ಣು ಮೇಲೆ ಹತ್ತಿತು. ಸೆಕ್ರೆಟರಿ ದಿನವೂ ಬಂದು ಸರಳು ಹಿಡಿದು ನಿಂತು ಅದು ಎಲ್ಲಿಯವರೆಗೆ ಬಂತು ಎಂದು ನೋಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ನಮ್ಮನೆಯವರ ಹತ್ತಿರ ಗರಗಸವಿದೆ, ಒಂದು ಸರಳು ಕೊಯ್ದು ಪುಸ್ತಕ ಈಚೆಗೆ ತೆಗೆಯಿರಿ, ಯಾರೂ ಕೇಳುವುದಿಲ್ಲ ಎಂದೆ.

“ಬೇಡಮ್ಮ. ಸರ್ಕಾರದ ಬೀಗ ಅದು.”

“ಯಾವ ಸರ್ಕಾರದ್ದು?”

“ಅದು ಗೊತ್ತಾದ್ರೆ ಅವರ ಕಾಲಿಗೇ ಬೀಳ್ತಿದ್ನಲ್ಲ.”

ನನಗೆ ಅವರ ಮೇಲೆಯೇ ಸಿಟ್ಟು ಬಂತು. ಇಂಥ ಮನುಷ್ಯರು ಇರುವುದರಿಂದಲೇ ಅಂಥ ಬೀಗಗಳು ಉಳಿಯುವುದು ಎಂದು ಗಂಡನ ಹತ್ತಿರ ಕೂಗಾಡಿದೆ. ಈಗ ಯೋಚಿಸಿದರೂ ಅದು ಸುಳ್ಳೆನ್ನಿಸುವುದಿಲ್ಲ. ಆದರೆ ಸರಳು ಕೊಯ್ಯುವ ಮನುಷ್ಯನ ಕೈಗೆ ನಾವು ಯಾರಾದರೂ ದುಡ್ಡು ಕೊಟ್ಟು ಕೂರುತ್ತಿದ್ದೆವೇ?

ಮಾವನವರು ಹೋದದ್ದು ಆ ಚಳಿಗಾಲದಲ್ಲಿ. ಸೊಸೈಟಿ ಶುರುವಾದ ದಿನದಿಂದ ಕಟ್ಟಿದವರು ಅವರು. ಆ ದುಡ್ಡಿನಲ್ಲೊಂದು ಸೈಟು ಕೊಂಡು ಸ್ವಂತ ಸೂರಿನಡಿ ಕಣ್ಣುಮುಚ್ಚಬೇಕು ಎಂದಿದ್ದರು. ಚಟ್ಟವನ್ನು ಪದ್ಧತಿಯಂತೆ ಸೊಸೈಟಿಯ ಮುಂದೆ ಇಳಿಸಿದರು. ಬೇಡ, ಇಳಿಸಬೇಡಿ ಎಂದು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಇಳಿಸಿಯಾಗಿತ್ತು. ಸೆಕ್ರೆಟರಿ ಜನರ ನಡುವಿಂದ ಬಂದು ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ನಿಂತರು. ಕೈಯಲ್ಲಿ ಪುಸ್ತಕವಿಲ್ಲ, ಪೆನ್ನಿಲ್ಲ. ನಮ್ಮತ್ತೆಗೆ ಹತ್ತಿರ ದೂರ ಎಲ್ಲ ಮರೆತುಹೋಗಿತ್ತು. ಅಷ್ಟು ಮನೆಯ ಹೆಂಗಸರು ಮಾಡಿದ್ದನ್ನು ನೋಡಿದ್ದರಲ್ಲ, ತಾವೂ ಹೋಗಿ ಅವರೆದುರು ಸೆರಗು ಒಡ್ಡಿದರು. ಸೆಕ್ರೆಟರಿ ಕಣ್ಣು ಮುಚ್ಚಿಕೊಂಡರು. ಕಿವಿಯ ಹಿಂದೆ ಕೈ ಹೋಯಿತು, ಅಲ್ಲಿ ಪೆನ್ನಿರಲಿಲ್ಲ.

“ನೋಡೋಣಮ್ಮ” ಎಂದರು.

ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅತ್ತೆ ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಿನ್ನ ಲೆಕ್ಕ ಮುಗೀತಪ್ಪ ಎಂದು ಯಾರೂ ಹೇಳಲಿಲ್ಲ, ಚಟ್ಟ ಎತ್ತಿದರು.

ಮಾರನೆಯ ದಿನದಿಂದ ಸೆಕ್ರೆಟರಿ ಮುಂದಿನ ಬೀದಿಯಲ್ಲಿ ನಡೆಯುವುದನ್ನು ಬಿಟ್ಟರು. ಸಾಲುಮನೆಗಳ ಹಿಂದೆ, ಕಕ್ಕಸು ತೊಳೆಯುವವರು ಬಂದು ಹೋಗಲೆಂದು ಬಿಟ್ಟ ಒಂದು ಓಣಿ ಇತ್ತು. ಮಿಲ್ಲಿಗೆ ಹೋಗುವುದೂ ಅದರಲ್ಲೇ, ಬರುವುದೂ ಅದರಲ್ಲೇ. ಕಂಬ ಕುಟ್ಟುವ ಸದ್ದು ನಿಂತಿತು. ಅವರೆಕಾಯಿ ಕಾಲ ಬಂತು, ಮೂಟೆ ಬರಲಿಲ್ಲ. ಯಾರೂ ಅವರನ್ನು ಎದುರಿಗೆ ಕಳ್ಳ ಎನ್ನಲಿಲ್ಲ. ಕೆಲವರು ಹಿಂದಿನಿಂದ ಅಂದಿರಬಹುದು. ಒಂದು ದಿನ ಹಿತ್ತಿಲ ಬಾಗಿಲಲ್ಲಿ ಎದುರಾದಾಗ, ಮುಂದಿನ ಬೀದಿಗೆ ಬನ್ನಿ, ಯಾರು ಏನಂತಾರೆ ನಾನೂ ನೋಡ್ತೀನಿ ಎಂದು ಗದರಿದೆ. ಅನ್ನೋದಲ್ಲ ಮೇಷ್ಟ್ರಮ್ಮ, ಅವರು ಏನೂ ಅನ್ನದೆ ಜಗಲೀಲಿ ಎದ್ದು ನಿಲ್ತಾರೆ, ಅದನ್ನ ತಡ್ಕೊಳ್ಳಕ್ಕಾಗಲ್ಲ ಎಂದರು.

ಮುಂದಿನ ಬೀದಿಗೆ ಬರುತ್ತಿದ್ದದ್ದು ಶನಿವಾರ ಮಾತ್ರ, ಟೈಂ ಆಫೀಸು ಅರ್ಧ ದಿನಕ್ಕೆ ಬಿಟ್ಟು ಉಳಿದ ಜನ ಇನ್ನೂ ಕೆಲಸದಲ್ಲಿರುವ ಹೊತ್ತಿಗೆ. ಸೀಸೆಯಲ್ಲಿ ಎಣ್ಣೆ ತಂದು ಕೋಳಿಗರಿಯಲ್ಲಿ ಅದ್ದಿ ಎರಡು ಬೀಗಕ್ಕೂ ಹಚ್ಚುತ್ತಿದ್ದರು. ಇಬ್ಬರೂ ಬಂದ ದಿನ ತುಕ್ಕು ಹಿಡಿದು ತೆಗೆಯದೆ ಹೋದರೆ ಏನು ಗತಿ ಎನ್ನುವುದು ಅವರ ಭಯ. ಒಬ್ಬರಿಗಿಂತ ಇನ್ನೊಬ್ಬರಿಗೆ ಒಂದು ತೊಟ್ಟು ಹೆಚ್ಚಾಗದ ಹಾಗೆ ಹಚ್ಚುತ್ತಿದ್ದರು.

ಒಂದು ಸಲ ಇಬ್ಬರನ್ನೂ ಒಂದೇ ದಿನ ಬರಲು ಒಪ್ಪಿಸಿದರು. ಬೀದಿಗೆ ನೀರು ಹಾಕಿಸಿ, ಅಂಗಡಿಯಿಂದ ಕುರ್ಚಿ ತರಿಸಿ, ಎರಡನ್ನೂ ಒಂದೇ ಸಮ ಇಟ್ಟರು. ಹತ್ತಿರದವರು ಬಂದು, ಅವರು ಮೊದಲು ತೆಗೆಯಲಿ, ಮೇಲಿನದು ಅವರದಲ್ಲವೇ ಎಂದರು. ದೂರದವರು ಬಂದು, ಇವರು ತೆಗೆಯುತ್ತೇವೆಂದು ಬರೆದುಕೊಟ್ಟರೆ ತೆಗೆಯುತ್ತೇವೆ ಎಂದರು. ಬರೆದುಕೊಟ್ಟರೆ ಅವರ ಅಧಿಕಾರ ಒಪ್ಪಿಕೊಂಡ ಹಾಗಲ್ಲವೇ ಎಂದು ಹತ್ತಿರದವರು. ಮಧ್ಯಾಹ್ನದವರೆಗೆ ಹೀಗೇ ನಡೆದು, ಇಬ್ಬರೂ ಕೈ ಕುಲುಕಿ, ನೋಡೋಣ ಎಂದು ಹೋದರು. ಕಿಟಕಿಯಾಚೆ ಪುಸ್ತಕ ಆಗಲೇ ಪುಸ್ತಕವಾಗಿ ಉಳಿದಿರಲಿಲ್ಲ. ಗೆದ್ದಲು ಮೇಲಿನಿಂದ ಕೆಳಗಿನವರೆಗೆ ಎಲ್ಲರ ಹೆಸರೂ ತಿಂದಿತ್ತು. ಯಾರು ಯಾವ ರಾಜ್ಯದವರು ಎಂದು ಅದು ನೋಡಲಿಲ್ಲ.

ಆಮೇಲೆ ಸೆಕ್ರೆಟರಿ ಹೆಚ್ಚು ದಿನ ಇರಲಿಲ್ಲ. ಎದೆಯಲ್ಲಿ ನೀರು ತುಂಬಿಕೊಂಡು ಹಾಸಿಗೆ ಹಿಡಿದರು. ನಾನು ಗಂಜಿ ತೆಗೆದುಕೊಂಡು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದರು. ಗೋಡೆಯ ಮೂಲೆಯಲ್ಲಿ ಕೊಡೆ ಒರಗಿತ್ತು. ಹೆಂಡತಿ ಒಳಗೆ ಹೋದ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದರು.

“ಮೇಷ್ಟ್ರಮ್ಮ, ನನ್ನನ್ನ ಹಿಂದಿನ ಓಣೀಲಿ ತಗೊಂಡು ಹೋಗಕ್ಕೆ ಹೇಳಿ. ಮುಂದೆ ಬೇಡ.”

ನನಗೆ ಅಳು ಬಂತು. ಆಗುತ್ತೆ ಎಂದರೆ ಆ ಮನುಷ್ಯನಿಗೆ ಅವಮಾನ, ಆಗಲ್ಲ ಎಂದರೆ ಸಂಕಟ. ಅವರೇ ಬೇಡವೆಂದು ಕಲಿಸಿದ್ದ ಮಾತು ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡು ಗಂಜಿ ಕುಡಿಸಿದೆ.

ದುಡ್ಡು ಕೊನೆಗೂ ಬಂತಾ ಎಂದು ಮಗ ರೈಲಿನಲ್ಲಿ ಕೇಳಿದ. ಇಲ್ಲ ಕಣೋ ಎಂದೆ. ಸೊಸೈಟಿ ಯಾವ ಸರ್ಕಾರದ್ದು ಎನ್ನುವುದು ನಾವು ಆ ಸಾಲುಮನೆ ಬಿಡುವವರೆಗೂ ತೀರ್ಮಾನವಾಗಲಿಲ್ಲ. ಆಮೇಲೆ ಕೇಳುವವರೂ ಉಳಿಯಲಿಲ್ಲ.

ಸೆಕ್ರೆಟರಿ ಹೋದ ದಿನ ಅವರ ಮಾತನ್ನು ನಾನು ಅವರ ಹೆಂಡತಿಗೆ ಹೇಳಿದೆ. ಆಕೆ ಕಣ್ಣು ಒರೆಸಿಕೊಂಡು, ಅವರು ಹೇಳಿದ್ದನ್ನೆಲ್ಲ ಬದುಕಿರೋವರೆಗೂ ಕೇಳಿದೀನಿ, ಇದೊಂದು ಕೇಳಲ್ಲ ಎಂದರು. ಹೊತ್ತವರೆಲ್ಲ ಸೊಸೈಟಿಯ ಸದಸ್ಯರೇ. ಮುಂದಿನ ಬೀದಿಯ ನಟ್ಟನಡುವೆ ನಡೆದರು. ಪ್ರತಿ ಜಗಲಿಯಲ್ಲೂ ಜನ ಎದ್ದು ನಿಂತಿದ್ದರು. ಸಾಲಿನ ಕೊನೆಗೆ ಬಂದಾಗ ಇಳಿಸಿ ಎಂದು ಯಾರೂ ಹೇಳಲಿಲ್ಲ, ಹೊತ್ತವರ ಕಾಲು ತಾವಾಗಿ ನಿಂತವು, ಹೆಗಲು ತಾವಾಗಿ ಬಗ್ಗಿದವು. ಚಟ್ಟ ಸೊಸೈಟಿಯ ಬಾಗಿಲ ಮುಂದೆ ಇಳಿಯಿತು. ಎರಡು ಬೀಗಗಳೂ ಎಣ್ಣೆ ಕುಡಿದು ಬಿಸಿಲಿಗೆ ಹೊಳೆಯುತ್ತಿದ್ದವು. ಹಾಸಿಗೆ ಹಿಡಿದ ಮೇಲೂ ಹೆಂಡತಿಯ ಕೈಯಲ್ಲಿ ಹಚ್ಚಿಸುತ್ತಿದ್ದರು ಎಂದು ನನಗೆ ಗೊತ್ತಾದದ್ದು ಆಗಲೇ.

ನಾವೆಲ್ಲ ಅಭ್ಯಾಸದ ಮೇಲೆ ಬಾಗಿಲ ಕಡೆ ನೋಡುತ್ತ ನಿಂತೆವು. ಯಾರೂ ಹೊರಗೆ ಬರಲಿಲ್ಲ. ಬರಬೇಕಾದವರು ಚಟ್ಟದ ಮೇಲೆ ಮಲಗಿದ್ದರು. ಅವರ ಹೆಂಡತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಒಡ್ಡಲಿಲ್ಲ. ಎಷ್ಟು ಹೊತ್ತಾದರೂ ಒಬ್ಬರೂ ಕದಲಲಿಲ್ಲ. ಕೊನೆಗೆ ನಮ್ಮತ್ತೆಯೇ ಮುಂದೆ ಹೋಗಿ, “ಎತ್ರಪ್ಪಾ, ಬಿಸಿಲೇರ್ತಾ ಇದೆ” ಎಂದರು.